ಮನೆಯಲ್ಲಿ ಕಟ್ಟುವ ವಿಮಾನದ ರೆಕ್ಕೆ

ಪುಷ್ಪಕವಿಮಾನದ ಕಥೆಯನ್ನು ಕೇಳದೆ ಬೆಳೆದ ಮಗು ನಮ್ಮ ನಾಡಿನಲ್ಲಿ ಇರಲಾರದು. ಆದರೆ ಆ ವಿಮಾನವನ್ನು ಯಾರು ಕಟ್ಟಿದರು, ಯಾವ ಮರದಿಂದ ಕಟ್ಟಿದರು, ಅದರ ಕೀಲುಗಳನ್ನು ಯಾರು ಪರೀಕ್ಷಿಸಿದರು ಎಂಬುದನ್ನು ಕೇಳುವ ಮಕ್ಕಳು ವಿರಳ. ಈ ಕಾಲದಲ್ಲಿಯೂ ವಿಮಾನವೆಂದರೆ ಎಲ್ಲಿಯೋ ದೂರದ ಮಹಾಕಾರ್ಖಾನೆಯಲ್ಲಿ ಹುಟ್ಟಿ ಬರತಕ್ಕ ವಸ್ತುವೆಂದೇ ನಮ್ಮಲ್ಲಿ ಬಹುಮಂದಿಯ ಭಾವನೆ. ಬಿಡಿಭಾಗಗಳನ್ನು ತರಿಸಿಕೊಂಡು, ಮನೆಯ ಹಿತ್ತಲಿನ ಕೊಟ್ಟಿಗೆಯಲ್ಲಿ, ದಿನದ ಉದ್ಯೋಗ ಮುಗಿದ ಬಳಿಕ ಸಂಜೆಯ ಹೊತ್ತಿನಲ್ಲಿ ತಾವೇ ವಿಮಾನವನ್ನು ಜೋಡಿಸಿಕೊಂಡು ಅದರಲ್ಲಿ ಹೆಂಡಿರು ಮಕ್ಕಳೊಡನೆ ಹಾರಿದ ಗೃಹಸ್ಥರು ಲೋಕದಲ್ಲಿ ಸಾವಿರಾರು ಮಂದಿ ಇದ್ದಾರೆಂದರೆ ವಾಚಕರಿಗೆ ಆಶ್ಚರ್ಯವಾಗಬಹುದು. ಅಂತಹ ವಿಮಾನದಲ್ಲಿ ಅತ್ಯಂತ ಮುಖ್ಯವಾದ ಅಂಗವೆಂದರೆ ರೆಕ್ಕೆ. ಆ ರೆಕ್ಕೆಯನ್ನು ಮನೆಯಲ್ಲಿ ಹೇಗೆ ಕಟ್ಟುತ್ತಾರೆ, ಅದರಲ್ಲಿ ಏನೇನು ಎಚ್ಚರ ಬೇಕು, ನಮ್ಮ ಕನ್ನಡ ನಾಡಿಗೂ ಈ ವಿದ್ಯೆಗೂ ಇರುವ ಸಂಬಂಧವೇನು ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಮದ್ದೂರು ಮಳವಳ್ಳಿಗಳ ನಡುವೆ, ಕಬ್ಬಿನ ಗದ್ದೆಗಳ ಮಧ್ಯದಲ್ಲಿರುವ ಭಾರತೀನಗರದಂತಹ ಊರಿನವರಿಗೆ ಇದು ಸಂಬಂಧಪಡದ ಸಂಗತಿಯೆಂದು ಯಾರೂ ತಿಳಿಯಬೇಕಾಗಿಲ್ಲ. ಹಿಂದೆ ಕೆ. ಎಂ. ದೊಡ್ಡಿ ಎಂದೇ ಹೆಸರಾಗಿ, ಈಗಲೂ ಜನರ ಬಾಯಲ್ಲಿ ದೊಡ್ಡಿಯೆಂದೇ ಕರೆಯಿಸಿಕೊಳ್ಳುವ ಈ ಊರಿನಲ್ಲಿ ಸಕ್ಕರೆಯ ಕಾರ್ಖಾನೆಯುಂಟು, ಕಾಲೇಜುಂಟು; ಗಾಡಿಯ ಚಕ್ರವನ್ನು ಕಣ್ಣಳತೆಯಿಂದಲೇ ಸರಿಪಡಿಸಬಲ್ಲ ಬಡಗಿಗಳೂ, ಬೆಲ್ಲದ ಪಾಕದ ಹದವನ್ನು ನೋಡಿದ ಮಾತ್ರಕ್ಕೆ ಹೇಳಬಲ್ಲ ಆಲೆಮನೆಯವರೂ ಸುತ್ತಲಿನ ಹಳ್ಳಿಗಳಲ್ಲಿ ಉಂಟು. ರೆಕ್ಕೆಯನ್ನು ಕಟ್ಟುವುದಕ್ಕೆ ಬೇಕಾದ ಗುಣಗಳು ಇವೇ: ಕಣ್ಣಳತೆ, ಹದದ ಅರಿವು, ತಾಳ್ಮೆ.

ರೆಕ್ಕೆಯ ಮೇಲಿನ ಭಾರ

ಮೊದಲು ರೆಕ್ಕೆಯು ಹೊರತಕ್ಕ ಭಾರವೆಷ್ಟೆಂಬುದನ್ನು ತಿಳಿಯೋಣ. ಇಬ್ಬರು ಕುಳಿತು ಹಾರುವ ಒಂದು ಸಣ್ಣ ವಿಮಾನವು ಜನ, ಇಂಧನ ಎಲ್ಲ ಸೇರಿ 600 ಕಿಲೋಗ್ರಾಂ ತೂಗುವುದೆಂದೂ, ಅದರ ರೆಕ್ಕೆಗಳ ವಿಸ್ತಾರ 12 ಚದರ ಮೀಟರ್ ಎಂದೂ ಇಟ್ಟುಕೊಳ್ಳೋಣ. ನೇರವಾಗಿ ಹಾರುವಾಗ ರೆಕ್ಕೆಯ ಪ್ರತಿಯೊಂದು ಚದರ ಮೀಟರೂ 50 ಕಿಲೋಗ್ರಾಂ ಭಾರವನ್ನು, ಎಂದರೆ ಒಂದು ಸಕ್ಕರೆಯ ಮೂಟೆಯನ್ನು, ಹೊತ್ತಂತಾಯಿತು. ರೆಕ್ಕೆಯು ಗಾಳಿಯನ್ನು ಕೆಳಕ್ಕೆ ತಳ್ಳುವುದರಿಂದಲೂ, ಅದರ ಮೇಲ್ಭಾಗದಲ್ಲಿ ಗಾಳಿಯ ಒತ್ತಡ ಕಡಮೆಯಾಗುವುದರಿಂದಲೂ ಈ ಆಧಾರವು ದೊರೆಯುತ್ತದೆ.

ಇಷ್ಟೇ ಆಗಿದ್ದರೆ ಕಷ್ಟವಿರುತ್ತಿರಲಿಲ್ಲ. ವಿಮಾನವು 60 ಡಿಗ್ರಿಯಷ್ಟು ಓರೆಯಾಗಿ, ಎತ್ತರವನ್ನು ಬಿಡದೆ ತಿರುಗಿದರೆ ರೆಕ್ಕೆಯ ಮೇಲಿನ ಭಾರವು ಎರಡರಷ್ಟಾಗುವುದು. ಬಿರುಗಾಳಿಯ ಹೊಡೆತಕ್ಕೆ ಸಿಕ್ಕಿದರೆ ಇನ್ನೂ ಹೆಚ್ಚು. ಆದುದರಿಂದ ಸಾಧಾರಣ ವರ್ಗದ ವಿಮಾನಗಳ ರೆಕ್ಕೆಯು ತನ್ನ ಭಾರದ 3.8ರಷ್ಟನ್ನು ಬಾಗಿ ಉಳಿಯದಂತೆ ಹೊರಬೇಕು, ಅದರ ಒಂದೂವರೆಯಷ್ಟನ್ನು ಮುರಿಯದೆ ತಾಳಬೇಕು ಎಂಬ ಮಾನವು ಬಹುಕಾಲದಿಂದ ರೂಢಿಯಲ್ಲಿದೆ. ನಮ್ಮ 600 ಕಿಲೋಗ್ರಾಂ ವಿಮಾನಕ್ಕೆ ಈ ಲೆಕ್ಕವನ್ನು ಹಿಡಿದರೆ 3,420 ಕಿಲೋಗ್ರಾಂ ಆಗುತ್ತದೆ. ಸುಮಾರು 68 ಸಕ್ಕರೆ ಮೂಟೆಗಳು. ಹೊಸ ಮಾದರಿಯ ರೆಕ್ಕೆಯನ್ನು ಪರೀಕ್ಷಿಸುವಾಗ ಅದನ್ನು ಬೋರಲಾಗಿ ಮಲಗಿಸಿ, ಅದರ ಮೇಲೆ ಮರಳಿನ ಚೀಲಗಳನ್ನು ಒಂದೊಂದಾಗಿ ಪೇರಿಸುವುದುಂಟು. ಮನೆಯ ಪಡಸಾಲೆಯಲ್ಲಿ ತಯಾರಾದ, ಇಬ್ಬರು ಸುಲಭವಾಗಿ ಎತ್ತಿ ಒಯ್ಯಬಹುದಾದ ಹಗುರವಾದ ವಸ್ತುವಿನ ಮೇಲೆ ಒಂದು ಲಾರಿಯ ಸರಕಿನಷ್ಟು ಭಾರ ಕೂರುವುದನ್ನು ನೆನೆದರೆ, ಅದರೊಳಗಿನ ಒಂದೊಂದು ಕೀಲಿಗೂ ಎಷ್ಟು ಬೆಲೆಯೆಂಬುದು ತಾನಾಗಿ ಹೊಳೆಯುವುದು.

ರೆಕ್ಕೆಯ ಒಳಗೆ ಬುಡದಿಂದ ತುದಿಯವರೆಗೆ ಹೋಗುವ ಒಂದು ದೂಲವಿರುತ್ತದೆ. ಭಾರವೆಲ್ಲ ಕೊನೆಗೆ ಬಂದು ನಿಲ್ಲುವುದು ಇದರ ಮೇಲೆಯೇ. ತುಂಬಿದ ಕೊಡವನ್ನು ಕೈ ಚಾಚಿ ಹಿಡಿದವರಿಗೆ ನೋವು ಮೊದಲು ಹೆಗಲಿನಲ್ಲಿ ತೋರುವಂತೆ, ದೂಲಕ್ಕೂ ಬುಡದಲ್ಲಿಯೇ ಹೆಚ್ಚು ಶ್ರಮ. ಆದುದರಿಂದ ಅದು ಬುಡದಲ್ಲಿ ದಪ್ಪವಾಗಿಯೂ ತುದಿಯಲ್ಲಿ ತೆಳ್ಳಗೂ ಇರುವುದು. ಹಾರುವಾಗ ರೆಕ್ಕೆಯು ಮೇಲಕ್ಕೆ ಬಾಗಲು ಯತ್ನಿಸುವುದರಿಂದ ದೂಲದ ಕೆಳಅಂಚು ಎಳೆತಕ್ಕೂ ಮೇಲಂಚು ಒತ್ತಡಕ್ಕೂ ಸಿಕ್ಕುವುದು. ದೂಲಕ್ಕೆ ಅಡ್ಡಲಾಗಿ ಪಕ್ಕೆಲುಬುಗಳಿರುತ್ತವೆ. ಅವು ರೆಕ್ಕೆಗೆ ಅದರ ಆಕಾರವನ್ನು ಕೊಡುವುವು. ಇವೆರಡರ ಮೇಲೆ ಹೊದಿಕೆ. ಈ ಮೂರನ್ನು ಯಾವುದರಿಂದ ಮಾಡುತ್ತಾರೆಂಬುದರ ಮೇಲೆ ಮನೆಯ ಕೆಲಸದ ಬಗೆ ಬೇರೆಬೇರೆಯಾಗುತ್ತದೆ.

ಮರವೂ ಬಟ್ಟೆಯೂ

ಎಲ್ಲಕ್ಕೂ ಹಳೆಯದು ಮರ ಬಟ್ಟೆಗಳ ರೆಕ್ಕೆ. ವಿಲ್ಬರ್ ರೈಟ್ 1900ರಲ್ಲಿ ತನ್ನ ಮೊದಲ ಜಾರುವಿಮಾನವನ್ನು ಜೋಡಿಸಲು ಕಿಟಿಹಾಕ್ ಎಂಬ ಕಡಲತಡಿಯ ಹಳ್ಳಿಗೆ ಹೋದಾಗ ಬೇಕಾದಷ್ಟು ಉದ್ದದ ಮರವು ದೊರೆಯಲಿಲ್ಲ, ರೆಕ್ಕೆಯನ್ನು ಕಿರಿದುಮಾಡಬೇಕಾಯಿತು. ಆಗ ಊರಿನ ಗೃಹಿಣಿಯಾದ ಟೇಟ್ ಎಂಬಾಕೆಯ ಹೊಲಿಗೆಯ ಯಂತ್ರವನ್ನು ಬೇಡಿಕೊಂಡು, ಬಟ್ಟೆಯನ್ನು ಕತ್ತರಿಸಿ ತಾನೇ ಮತ್ತೆ ಹೊಲಿದನು. ಆ ವರ್ಷದ ಪ್ರಯೋಗ ಮುಗಿದ ಮೇಲೆ ಬಿಟ್ಟುಹೋದ ರೆಕ್ಕೆಯ ಬಟ್ಟೆಯನ್ನು ಆಕೆಯು ಬಿಚ್ಚಿ ತನ್ನ ಹೆಣ್ಣುಮಕ್ಕಳಿಗೆ ಅಂಗಿಗಳನ್ನು ಹೊಲಿದಳು. ವಿಮಾನವಿದ್ಯೆಯು ತನ್ನ ಬಾಲ್ಯದಲ್ಲಿ ಸಂಸಾರಸ್ಥರ ಮನೆಗೆ ಎಷ್ಟು ಸಮೀಪವಾಗಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ನಮ್ಮ ಮೈಸೂರಿನವರೂ ಆ ಬಾಲ್ಯಕಾಲದಲ್ಲಿಯೇ ಈ ವಿದ್ಯೆಗೆ ಕೈಹಾಕಿದ್ದರು. ಎಸ್. ವಿ. ಸೆಟ್ಟಿಯವರು ಇಂಜನಿಯರಿಂಗ್ ವ್ಯಾಸಂಗಕ್ಕಾಗಿ ಇಂಗ್ಲೆಂಡಿಗೆ ಹೋಗಿ, 1911–12ರ ಸುಮಾರಿನಲ್ಲಿ ಏ. ವಿ. ರೋ ಅವರ ವಿಮಾನದ ಕಾರ್ಖಾನೆಯನ್ನು ಸೇರಿ, ವಿಮಾನರಚನೆಯನ್ನು ಕೈಯಾರೆ ಕಲಿತರು. ಹಿಂದಿರುಗಿದ ಮೇಲೆ 1918ರಲ್ಲಿ ಎಳೆಯ ವಯಸ್ಸಿನಲ್ಲಿಯೇ ತೀರಿಕೊಂಡರು. ಬೆಂಗಳೂರಿನಲ್ಲಿ ಹಿಂದುಸ್ಥಾನ್ ವಿಮಾನದ ಕಾರ್ಖಾನೆ ಹುಟ್ಟಿದುದು 1940ರಲ್ಲಿ. ಅಲ್ಲಿ ಹಾರುವ ಸಂಘಗಳಿಗೆಂದು ರಚಿತವಾಗಿ 1958ರಲ್ಲಿ ಮೊದಲು ಹಾರಿದ ಇಬ್ಬರ ವಿಮಾನಕ್ಕೆ ಪುಷ್ಪಕವೆಂದೇ ಹೆಸರಿಟ್ಟರು. ಅದರ ರೆಕ್ಕೆಗೂ ಬಟ್ಟೆಯ ಹೊದಿಕೆಯೇ ಇದ್ದಿತು.

ಇಂದು ಹತ್ತಿಬಟ್ಟೆಯ ಬದಲು ಪಾಲಿಯೆಸ್ಟರ್ ಬಟ್ಟೆಯನ್ನು ಹೊದಿಸುತ್ತಾರೆ. ಅದನ್ನು ಚೌಕಟ್ಟಿನ ಅಂಚಿಗೆ ಅಂಟಿಸಿ, ಮನೆಯ ಇಸ್ತ್ರಿಪೆಟ್ಟಿಗೆಯನ್ನೇ ಅದರ ಮೇಲೆ ಆಡಿಸಿದರೆ ಬಟ್ಟೆಯು ಕುಗ್ಗಿ ಮದ್ದಳೆಯ ತೊಗಲಿನಂತೆ ಬಿಗಿಯುವುದು. ಮೊದಲು ಸುಮಾರು 120 ಡಿಗ್ರಿ ಸೆಲ್ಸಿಯಸ್, ಕೊನೆಗೆ ಸುಮಾರು 175 ಡಿಗ್ರಿಯಷ್ಟು ಕಾವು ಬೇಕು. ಹೆಚ್ಚಾದರೆ ಬಟ್ಟೆಯು ಸಡಿಲಾಗಿ ಕೆಡುವುದು. ಆದುದರಿಂದ ಇಸ್ತ್ರಿಪೆಟ್ಟಿಗೆಯ ಮೇಲೆ ಬರೆದಿರುವ ಗುರುತನ್ನು ನಂಬದೆ ಉಷ್ಣಮಾಪಕದಿಂದ ಅದರ ಕಾವನ್ನು ಅಳೆದುಕೊಳ್ಳಬೇಕು. ಅನಂತರ ಉದ್ದನೆಯ ಸೂಜಿಯಿಂದ, ಬಟ್ಟೆಯನ್ನು ಒಂದೊಂದು ಪಕ್ಕೆಲುಬಿಗೂ ಐದಾರು ಸೆಂಟಿಮೀಟರಿಗೊಂದರಂತೆ ಗಂಟುಹಾಕಿ ಹೊಲಿಯುತ್ತಾರೆ. ಇಬ್ಬರು ರೆಕ್ಕೆಯ ಎರಡು ಕಡೆಗಳಲ್ಲಿ ನಿಂತು ಸೂಜಿಯನ್ನು ಒಬ್ಬರಿಂದೊಬ್ಬರು ತೆಗೆದುಕೊಳ್ಳುತ್ತಾ ಹೊಲಿಯುವ ಈ ಕೆಲಸದಲ್ಲಿ ಹೊಲಿಗೆ ಬಲ್ಲ ಗೃಹಿಣಿಯರು ಗಂಡಸರನ್ನು ಮೀರಿಸುವರು.

ಮರದ ರೆಕ್ಕೆಯ ಪ್ರಾಣವು ಅಂಟಿನಲ್ಲಿದೆ. ಅಮೆರಿಕದ ಕಾನ್ಸಸ್ ಪ್ರಾಂತದಲ್ಲಿ 1931ರ ಮಾರ್ಚ್ 31ರಂದು ಮರದ ರೆಕ್ಕೆಯ ಪ್ರಯಾಣಿಕ ವಿಮಾನವೊಂದು ಹಾರುತ್ತಿರುವಾಗಲೇ ರೆಕ್ಕೆ ಕಳಚಿ ಬಿದ್ದು ಎಂಟು ಜನ ಸತ್ತರು. ಫುಟ್‌ಬಾಲ್ ಶಿಕ್ಷಣದಲ್ಲಿ ದೇಶವಿಖ್ಯಾತನಾದ ನೂಟ್ ರಾಕ್ನಿಯೂ ಅವರಲ್ಲಿ ಒಬ್ಬನು. ರೆಕ್ಕೆಯೊಳಗೆ ಸೇರಿದ ತೇವದಿಂದ ಅಂಟು ಬಲಗುಂದಿದ್ದಿತು. ಹೊರಗಿನಿಂದ ನೋಡುವವರಿಗೆ ಅದು ಕಾಣುವಂತೆಯೇ ಇರಲಿಲ್ಲ. ಆ ರೆಕ್ಕೆಯು ಕಾರ್ಖಾನೆಯಲ್ಲಿ ತಯಾರಾದುದೆಂಬುದನ್ನು ಮರೆಯಬಾರದು; ಕಾರ್ಖಾನೆಗೇ ಹೀಗಾದ ಮೇಲೆ ಮನೆಯಲ್ಲಿ ಕಟ್ಟುವವನಿಗೆ ಎಚ್ಚರವು ಇಮ್ಮಡಿಯಾಗಿರಬೇಕಾದುದು ಸಹಜ. ಬಲ್ಲವರು ಪ್ರತಿದಿನವೂ ಕಲಸಿದ ಅಂಟಿನಿಂದ ಎರಡು ಮರದ ತುಂಡುಗಳನ್ನು ಬೇರೆಯಾಗಿ ಅಂಟಿಸಿಟ್ಟು, ಒಣಗಿದ ಮೇಲೆ ಅವನ್ನು ಮುರಿದು ನೋಡುವರು. ಮರವು ಸೀಳಿದರೆ ಅಂಟು ಒಳ್ಳೆಯದು. ಅಂಟೇ ಬಿಟ್ಟುಕೊಂಡರೆ ಆ ದಿನದ ಕೆಲಸವೆಲ್ಲ ವ್ಯರ್ಥ.

ಲೋಹದ ರೆಕ್ಕೆ

ಈಗ ಮನೆಯಲ್ಲಿ ಕಟ್ಟುವವರಲ್ಲಿ ಬಹಳ ಮಂದಿ ಹಿಡಿದಿರುವುದು ಅಲ್ಯೂಮಿನಿಯಂ ತಗಡಿನ ದಾರಿ. ದೂಲ, ಪಕ್ಕೆಲುಬು, ತಗಡುಗಳೆಲ್ಲ ಅಳತೆಗೆ ಕತ್ತರಿಸಲ್ಪಟ್ಟು, ರಂಧ್ರಗಳು ಕೊರೆಯಲ್ಪಟ್ಟು ಪೆಟ್ಟಿಗೆಯಲ್ಲಿ ಬರುತ್ತವೆ. ಇದಕ್ಕೇ ಕಿಟ್ ಎಂದು ಹೆಸರು. ಸಾಮಾನ್ಯವಾಗಿ ಮೊದಲು ಬಾಲದ ಭಾಗವನ್ನು ಮಾತ್ರ ತರಿಸುವುದು ವಾಡಿಕೆ. ಅದು ಚಿಕ್ಕದು, ಬೆಲೆ ಕಡಮೆ. ತನಗೆ ಈ ಕೆಲಸ ಒಗ್ಗುವುದೋ ಇಲ್ಲವೋ ಎಂಬುದು ಅದರಲ್ಲಿಯೇ ಗೊತ್ತಾಗುವುದು. ಅದು ಕೈಗೂಡಿದ ಮೇಲೆ ರೆಕ್ಕೆಯ ಸರದಿ.

ತಗಡನ್ನು ಪಕ್ಕೆಲುಬಿಗೆ ಸೇರಿಸುವುದು ರಿವೆಟ್ಟುಗಳಿಂದ. ಇಡೀ ವಿಮಾನಕ್ಕೆ ಇವು ಸಾವಿರಾರು ಬೇಕು. ಒಬ್ಬರು ಹೊರಗಿನಿಂದ ಗಾಳಿಯ ಒತ್ತಡದ ಸುತ್ತಿಗೆಯನ್ನು ಹಿಡಿದರೆ, ಇನ್ನೊಬ್ಬರು ರೆಕ್ಕೆಯ ಇಕ್ಕಟ್ಟಾದ ಒಳಭಾಗಕ್ಕೆ ಕೈ ತೂರಿಸಿ ರಿವೆಟ್ಟಿನ ಬಾಲಕ್ಕೆ ಉಕ್ಕಿನ ಗಟ್ಟಿಯೊಂದನ್ನು ಒತ್ತಿ ಹಿಡಿಯಬೇಕು. ಒಬ್ಬರಿಗೊಬ್ಬರು ಕಾಣುವುದಿಲ್ಲ, ಮಾತಿನ ಸನ್ನೆಯಿಂದಲೇ ಕೆಲಸ ನಡೆಯಬೇಕು. ಎಷ್ಟೋ ಮನೆಗಳಲ್ಲಿ ಈ ಎರಡನೆಯ ಕೈ ಹೆಂಡತಿಯದೋ ಮಗಳದೋ ಆಗಿರುವುದು. ಸರಿಯಾಗಿ ಕೂತ ರಿವೆಟ್ಟಿನ ತಲೆಯು ಅದರ ದಪ್ಪದ ಒಂದೂವರೆಯಷ್ಟು ಅಗಲವೂ ಅರ್ಧದಷ್ಟು ಎತ್ತರವೂ ಇರತಕ್ಕದ್ದು. ಸೊಟ್ಟಾದುದನ್ನು ಕೊರೆದು ತೆಗೆಯಬೇಕು. ರಂಧ್ರದ ಅಂಚು ನುಣುಪಾಗಿರಬೇಕು. ಅಲ್ಲಿ ಉಳಿದ ಒಂದು ಸಣ್ಣ ಮುರುಕು, ಸಾವಿರ ಸಾರಿ ಬಾಗಿ ನಿಗುರುವ ತಗಡಿನಲ್ಲಿ ಬಿರುಕಿಗೆ ಬೀಜವಾಗುವುದು.

ರೆಕ್ಕೆಯು ತಿರುಚಿಕೊಳ್ಳದಂತೆ ನೋಡುವುದು ಇನ್ನೊಂದು ದೊಡ್ಡ ಕೆಲಸ. ನಕ್ಷೆಯಲ್ಲಿಲ್ಲದ ತಿರುಚು ಒಂದು ರೆಕ್ಕೆಯಲ್ಲಿ ಸೇರಿದರೆ ವಿಮಾನವು ಸದಾ ಒಂದು ಕಡೆಗೆ ವಾಲುತ್ತಲೇ ಹಾರುವುದು. ಹೊದಿಕೆಯನ್ನು ಮುಚ್ಚಿದ ಮೇಲೆ ಅದನ್ನು ತಿದ್ದುವುದು ಸುಲಭವಲ್ಲ. ಇದನ್ನು ತಿಳಿಯಲು ದೊಡ್ಡ ಯಂತ್ರವೇನೂ ಬೇಡ. ನಮ್ಮ ಗಾರೆಕೆಲಸದವರು ಗೋಡೆಗೆ ಹಿಡಿಯುವ ತೂಗುಗುಂಡುಗಳನ್ನೇ ದೂಲದಿಂದ ಇಳಿಬಿಟ್ಟು, ದಾರಗಳಿಂದ ಹಿಂದಿನ ಅಂಚಿಗಿರುವ ದೂರವನ್ನು ಬುಡದಲ್ಲಿಯೂ ತುದಿಯಲ್ಲಿಯೂ ಅಳೆದರೆ ಸಾಕು.

ವಾರಕ್ಕೆ ಹತ್ತು ಗಂಟೆ ದುಡಿಯುವವನಿಗೆ, ಒಟ್ಟು 1,500 ಗಂಟೆಗಳ ಕೆಲಸವೆಂದರೂ, ಇಡೀ ವಿಮಾನಕ್ಕೆ ಮೂರು ವರ್ಷ ಹಿಡಿಯುವುದು. ಕೇರಳ ಮೂಲದ ಇಂಜನಿಯರೊಬ್ಬರು 2020ರ ಮಹಾಮಾರಿಯ ಕಾಲದಲ್ಲಿ ಇಂಗ್ಲೆಂಡಿನ ತಮ್ಮ ಮನೆಯ ಹಿತ್ತಲಿನಲ್ಲಿ ಕಾರ್ಯಾಗಾರವನ್ನು ಹಾಕಿಕೊಂಡು, ದಕ್ಷಿಣ ಆಫ್ರಿಕದಿಂದ ಬಂದ ಕಿಟ್ಟಿನಿಂದ ನಾಲ್ವರ ವಿಮಾನವನ್ನು ಜೋಡಿಸಿದರು. 2022ರಲ್ಲಿ ಹೆಂಡತಿ ಮಕ್ಕಳೊಡನೆ ಯುರೋಪಿನ ದೇಶಗಳನ್ನು ಅದರಲ್ಲಿಯೇ ಸುತ್ತಿಬಂದರು.

ನೊರೆಯೂ ಗಾಜಿನ ನೂಲೂ: ಬೆಂಗಳೂರಿನ ಪ್ರಯೋಗ

ಮೂರನೆಯ ಬಗೆಯಲ್ಲಿಯೇ ಕನ್ನಡ ನಾಡಿಗೆ ವಿಶೇಷ ಸಂಬಂಧವಿದೆ. ಅಮೆರಿಕದ ಬರ್ಟ್ ರುಟಾನ್ ಎಂಬ ವಿನ್ಯಾಸಕಾರನು 1979ರಲ್ಲಿ ಲಾಂಗ್‌ಈಜಿ ಎಂಬ ಇಬ್ಬರ ವಿಮಾನವನ್ನು ಹಾರಿಸಿ, ಅದರ ನಕ್ಷೆಗಳನ್ನು ಮನೆಯಲ್ಲಿ ಕಟ್ಟುವವರಿಗೆ ಮಾರಿದನು. ಅದರ ರೆಕ್ಕೆಯ ಒಡಲು ಗಟ್ಟಿನೊರೆಯಿಂದಾದುದು. ನೊರೆಯ ದಿಮ್ಮಿಯ ಎರಡು ತುದಿಗಳಿಗೂ ರೆಕ್ಕೆಯ ಆಕಾರದ ಅಚ್ಚುಗಳನ್ನು ಹಚ್ಚಿ, ವಿದ್ಯುತ್ತಿನಿಂದ ಕಾದ ತಂತಿಯನ್ನು ಇಬ್ಬರು ಎರಡು ಕಡೆ ಹಿಡಿದು, ಅಚ್ಚಿನ ಮೇಲಿನ ಅಂಕಿಗಳನ್ನು ಗಟ್ಟಿಯಾಗಿ ಹೇಳುತ್ತಾ ಒಂದೇ ವೇಗದಲ್ಲಿ ಎಳೆಯುವರು. ತಂತಿಯು ಬೆಣ್ಣೆಯಲ್ಲಿ ಹಾಯುವಂತೆ ಹಾಯ್ದು ರೆಕ್ಕೆಯ ರೂಪವನ್ನು ಬಿಡಿಸುವುದು. ಅದರ ಮೇಲೆ ಗಾಜಿನ ನೂಲಿನ ಬಟ್ಟೆಯನ್ನು ಹಾಸಿ, ಎಪಾಕ್ಸಿ ಎಂಬ ರಾಳವನ್ನು ಉಣಿಸಿದರೆ, ಆರಿದ ಮೇಲೆ ಚಿಪ್ಪಿನಂತೆ ಗಟ್ಟಿಯಾಗುವುದು.

ಇಲ್ಲಿ ಬೇಕಾದುದು ಆಲೆಮನೆಯವರ ಹದ. ರಾಳದ ಎರಡು ಭಾಗಗಳನ್ನು ತಕ್ಕಡಿಯಲ್ಲಿ ತೂಗಿಯೇ ಬೆರೆಸಬೇಕು. ಪ್ರಮಾಣ ತಪ್ಪಿದರೆ ಅದು ಎಂದಿಗೂ ಪೂರ್ತಿ ಗಟ್ಟಿಯಾಗದು. ಒಂದೇ ಪಾತ್ರೆಯಲ್ಲಿ ಬಹಳ ಕಲಸಿದರೆ ತಾನೇ ಕಾದು ಹೊಗೆಯಾಡುವುದು. ಉಣಿಸಿದುದು ಕಡಮೆಯಾದರೆ ಬಲವಿಲ್ಲ, ಹೆಚ್ಚಾದರೆ ಬಲ ಹೆಚ್ಚದೆ ತೂಕ ಮಾತ್ರ ಹೆಚ್ಚುವುದು. ಬಿಸಿಲಿನ ಕಾವಿಗೆ ರಾಳವು ಮೆದುವಾಗುವುದಾದುದರಿಂದ ಇಂತಹ ವಿಮಾನಗಳಿಗೆ ಬಿಳಿಯ ಬಣ್ಣವನ್ನೇ ಬಳಿಯುವುದು ವಾಡಿಕೆ.

ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಶಾಲೆಯವರು ಮನೆಯಲ್ಲಿ ಕಟ್ಟುವವರ ಈ ಲಾಂಗ್‌ಈಜಿಯನ್ನೇ ಆಧಾರವಾಗಿ ಹಿಡಿದು ಒಂದು ಹಗುರವಾದ ಸಂಶೋಧನಾ ವಿಮಾನವನ್ನು ನಿರ್ಮಿಸಿದರು. ಅದು 1987ರಲ್ಲಿ ಹಾರಿತು. ಗಾಜಿನ ನೂಲು ಮತ್ತು ರಾಳಗಳಿಂದ ಇಡೀ ವಿಮಾನವನ್ನು ರಚಿಸುವ ಅನುಭವ ಇದರಿಂದ ಕೈಗೆ ಬಂದಿತು. ಅದೇ ಪ್ರಯೋಗಶಾಲೆಯ ಇಬ್ಬರ ತರಬೇತಿ ವಿಮಾನವಾದ ‘ಹಂಸ’ವು 1993ರಲ್ಲಿ ಮೊದಲು ಆಕಾಶಕ್ಕೇರಿತು; ಅದರ ಹೊಸ ರೂಪವು 2021ರಲ್ಲಿ ಹಾರಿತು. ಹವ್ಯಾಸಿಗಳ ಕೊಟ್ಟಿಗೆಯಿಂದ ವಿದ್ವಾಂಸರ ಶಾಲೆಗೆ ವಿದ್ಯೆಯು ನಡೆದುಬಂದ ಬಗೆ ಇದು.

ಇದಕ್ಕೆ ತಿರುಗುಮುರುಗಾದ ಪಯಣವೂ ನಡೆಯಿತು. ಬೆಂಗಳೂರಿನ ರಾಜಹಂಸ ಅಲ್ಟ್ರಾಲೈಟ್ಸ್ ಎಂಬ ಸಂಸ್ಥೆಯವರು ಎಕ್ಸ್‌ಏರ್ ಎಂಬ ಹಗುರ ವಿಮಾನದ ಕಿಟ್ಟುಗಳನ್ನು ಮಾಡಿ ಪರದೇಶಗಳಿಗೆ ಕಳುಹಿಸಿದರು; ಬ್ರಿಟನ್, ಫ್ರಾನ್ಸ್ ಮೊದಲಾದ ಕಡೆಗಳಲ್ಲಿ ಗೃಹಸ್ಥರು ಅವನ್ನು ಜೋಡಿಸಿ ಹಾರಿದರು. ಅದರ ರೆಕ್ಕೆಗೆ ಅಲ್ಯೂಮಿನಿಯಂ ಕೊಳವೆಗಳ ಚೌಕಟ್ಟು. ಹಾಯಿಬಟ್ಟೆಯಲ್ಲಿ ಮೊದಲೇ ಹೊಲಿದ ಗವಸನ್ನು ದಿಂಬಿನ ಚೀಲದಂತೆ ಅದಕ್ಕೆ ತೊಡಿಸುವುದು. ಜೋಡಿಸುವುದು ಸುಲಭ, ಆದರೆ ಬಿಸಿಲಿಗೆ ಬಟ್ಟೆಯೂ ಹೊಲಿಗೆಯ ದಾರವೂ ಸವೆಯುವುದರಿಂದ ಆಗಾಗ ಎಳೆದು ಪರೀಕ್ಷಿಸಬೇಕು.

ಅಪಾಯದ ಪಾಠ

ಈ ಹವ್ಯಾಸದ ಗುಣವನ್ನು ಹೇಳಿ ದೋಷವನ್ನು ಮುಚ್ಚಿಡುವುದು ನ್ಯಾಯವಲ್ಲ. ಫ್ರಾನ್ಸಿನ ಆನ್ರಿ ಮಿನ್ಯೆ ಎಂಬಾತನು 1933ರಲ್ಲಿ ಒಂದರ ಹಿಂದೊಂದು ಎರಡು ರೆಕ್ಕೆಗಳುಳ್ಳ ‘ಆಕಾಶದ ಹೇನು’ ಎಂಬ ಪುಟ್ಟ ವಿಮಾನವನ್ನು ಹಾರಿಸಿ, ಮರುವರ್ಷ ಅದನ್ನು ಕಟ್ಟುವ ಬಗೆಯನ್ನು ಪುಸ್ತಕವಾಗಿ ಬರೆದನು. ಫ್ರಾನ್ಸಿನಲ್ಲಿಯೂ ಇಂಗ್ಲೆಂಡಿನಲ್ಲಿಯೂ ನೂರಾರು ಮಂದಿ ಆ ಪುಸ್ತಕವನ್ನು ಹಿಡಿದು ಕಟ್ಟಿದರು. ಕೆಲಕಾಲದಲ್ಲಿಯೇ ಸಾವುಗಳು ಸಂಭವಿಸಿದುವು. ಇಡೀ ವಿಮಾನವನ್ನು ಗಾಳಿಯ ಸುರಂಗದಲ್ಲಿಟ್ಟು ನೋಡಿದಾಗ, ಎರಡು ರೆಕ್ಕೆಗಳ ಗಾಳಿಯು ಒಂದಕ್ಕೊಂದು ತಗಲಿ, ಮೂತಿ ಕೆಳಗಾದ ವಿಮಾನವು ಕೆಲವು ಸ್ಥಿತಿಗಳಲ್ಲಿ ಮೇಲೇಳಲಾರದೆಂಬುದು ಹೊರಪಟ್ಟಿತು. ಕಟ್ಟಿದವರ ಕೈ ನಿಷ್ಠೆಯಿಂದ ದುಡಿದಿದ್ದರೂ ಆಲೋಚನೆಯಲ್ಲಿದ್ದ ದೋಷವು ಪ್ರಾಣವನ್ನು ತೆಗೆಯಿತು.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಉಂಟು. ಅಮೆರಿಕದ ಪ್ರಸಿದ್ಧ ಗಾಯಕ ಜಾನ್ ಡೆನ್ವರ್ 1997ರ ಅಕ್ಟೋಬರ್ 12ರಂದು ಲಾಂಗ್‌ಈಜಿಯಲ್ಲಿ ಹಾರುತ್ತಾ ಸಮುದ್ರಕ್ಕೆ ಬಿದ್ದು ಸತ್ತನು. ಆ ವಿಮಾನವನ್ನು ಆತನು ಕೊಂಡದ್ದು, ಕಟ್ಟಿದವನು ಬೇರೊಬ್ಬ. ಇಂಧನದ ತೊಟ್ಟಿಗಳನ್ನು ಬದಲಿಸುವ ಹಿಡಿಯನ್ನು ಕಟ್ಟಿದವನು ನಕ್ಷೆಯಲ್ಲಿದ್ದ ಸ್ಥಳದಲ್ಲಿಡದೆ, ಚಾಲಕನ ಎಡಹೆಗಲಿನ ಹಿಂದೆ ಇಟ್ಟಿದ್ದನು. ಅದನ್ನು ಹಿಡಿಯಲು ಹಿಂದಕ್ಕೆ ತಿರುಗಿದಾಗ ವಿಮಾನವು ಕೈತಪ್ಪಿತೆಂದು ತನಿಖೆಯವರು ನಿರ್ಧರಿಸಿದರು. ಇಲ್ಲಿ ನಕ್ಷೆಯು ಸರಿಯಾಗಿದ್ದಿತು. ಅದನ್ನು ಬಿಟ್ಟು ನಡೆದುದೇ ಕೇಡಾಯಿತು.

ಈ ಎರಡರ ನಡುವಣ ದಾರಿಯನ್ನು ತೋರಿಸಲು ನಿಯಮಗಳಿವೆ. ಬ್ರಿಟನ್ನಿನಲ್ಲಿ ಕೆಲಸದ ಒಂದೊಂದು ಹಂತದಲ್ಲಿಯೂ ಪರೀಕ್ಷಕನು ಬಂದು ನೋಡಬೇಕು. ಮುಖ್ಯವಾಗಿ ಹೊದಿಕೆಯನ್ನು ಮುಚ್ಚುವ ಮೊದಲು ರೆಕ್ಕೆಯ ಒಳಭಾಗಕ್ಕೆ ಅವನ ಒಪ್ಪಿಗೆ ಬೇಕು. ಅಮೆರಿಕದಲ್ಲಿ ವಿಮಾನದ ಅರ್ಧಕ್ಕಿಂತ ಹೆಚ್ಚಿನ ಕೆಲಸವನ್ನು ಹವ್ಯಾಸಿಯು ತಾನೇ ಮಾಡಿದ್ದರೆ ಮಾತ್ರ ಅದಕ್ಕೆ ಸ್ವನಿರ್ಮಿತವೆಂಬ ಮಾನ್ಯತೆ. ನಮ್ಮ ದೇಶದಲ್ಲಿ ನಾಗರಿಕ ವಿಮಾನಯಾನದ ಮಹಾನಿರ್ದೇಶನಾಲಯದ ನೋಂದಣಿಯೂ ಹಾರುವ ಅನುಮತಿಯೂ ಇಲ್ಲದೆ ಯಾವ ವಿಮಾನವೂ ನೆಲವನ್ನು ಬಿಡುವಂತಿಲ್ಲ. ಮುಂಬಯಿಯ ವಿಮಾನಚಾಲಕ ಅಮೋಲ್ ಯಾದವರು ತಮ್ಮ ವಾಸದ ಕಟ್ಟಡದ ತಾರಸಿಯ ಮೇಲೆ ಆರು ಆಸನಗಳ ವಿಮಾನವನ್ನು ಕಟ್ಟಿದರು. 2016ರಲ್ಲಿ ಅದು ಮುಂಬಯಿಯಲ್ಲಿ ಪ್ರದರ್ಶಿತವಾಯಿತು. ನೋಂದಣಿ ದೊರೆತದ್ದು 2017ರಲ್ಲಿ. ಕಟ್ಟುವುದಕ್ಕೆ ಬೇಕಾದ ತಾಳ್ಮೆಯೇ ಕಾಯುವುದಕ್ಕೂ ಬೇಕೆಂಬುದನ್ನು ಇದು ತೋರಿಸುವುದು.

ಆದುದರಿಂದ ನಮ್ಮ ಮನೆಯ ಹುಡುಗನೋ ಹುಡುಗಿಯೋ ಇಂತಹ ಆಸೆಯನ್ನು ಹೇಳಿಕೊಂಡರೆ ಹಿರಿಯರು ನಗುವುದೂ ಬೇಡ, ಒಮ್ಮೆಗೇ ಹಣ ಬಿಚ್ಚುವುದೂ ಬೇಡ. ಮೊದಲು ಒಂದು ಪಕ್ಕೆಲುಬನ್ನು ಮಾಡಿಸಲಿ. ಅಂಟಿಸಿದ ತುಂಡನ್ನು ಮುರಿಸಿ ನೋಡಲಿ. ಕೆಟ್ಟ ರಿವೆಟ್ಟನ್ನು ಯಾರೂ ಹೇಳದೆ ತಾನೇ ತೆಗೆಯುವನೋ ಇಲ್ಲವೋ ಗಮನಿಸಲಿ. ಒಂದು ಮೀಟರಿನ ರೆಕ್ಕೆಯುಳ್ಳ ಮಾದರಿ ವಿಮಾನದಲ್ಲಿಯೂ ದೂಲ, ಪಕ್ಕೆಲುಬು, ಹೊದಿಕೆ ಈ ಮೂರೂ ಉಂಟು. ಪಾಠಶಾಲೆಯ ಮಕ್ಕಳು ಅದರಲ್ಲಿಯೇ ಇದರ ಓನಾಮವನ್ನು ಕಲಿಯಬಹುದು. ಅಲ್ಲಿಂದ ಮುಂದೆ ವಿದ್ಯಾಲಯಗಳ ಪ್ರಯೋಗಶಾಲೆಗಳಿವೆ, ಬೆಂಗಳೂರಿನ ಕಾರ್ಖಾನೆಗಳಿವೆ. ಹೊದಿಕೆಯನ್ನು ಮುಚ್ಚಿದ ಮೇಲೆ ರೆಕ್ಕೆಯ ಒಳಗನ್ನು ನೋಡುವವರು ಯಾರೂ ಇರುವುದಿಲ್ಲ. ಅಲ್ಲಿರುವ ಕೀಲು ಸರಿಯಾಗಿದೆಯೆಂಬುದಕ್ಕೆ ಕಟ್ಟಿದವನ ಮನಸ್ಸೇ ಸಾಕ್ಷಿ. ಆ ಸಾಕ್ಷಿಯನ್ನು ನಂಬಿಯೇ ಅವನ ಮನೆಯವರು ಅದರ ಮೇಲೆ ಕುಳಿತು ಹಾರುವರು.